ಬಿಸಿಲಲ್ಲಿ ಕರಿದ ಕಾಂದಾಭಜಿ

ಸದಲಗಾದ ಹಾಲಿನ ಸಂಘದಲ್ಲಿ ಕಾಡಸಿದ್ದನಿಗೆ ಒಂದೇ ಕೆಲಸ. ಬಂದವರ ಹಾಲಿನಲ್ಲಿ ಗಾಜಿನ ಕೊಳವೆಯೊಂದನ್ನು ತೇಲಿಬಿಡುವುದು, ಅದು ಎಷ್ಟು ಮುಳುಗಿತು ಎಂದು ಬಗ್ಗಿ ನೋಡುವುದು, ಹಾಲಿಗೆ ನೀರು ಬೆರೆತಿದೆಯೋ ಇಲ್ಲವೋ ಹೇಳುವುದು. ಬೆಳಿಗ್ಗೆ ಆರರಿಂದ ಎಂಟರವರೆಗೆ ಅವನ ಮಾತಿಗೆ ಊರೇ ಬೆಲೆ ಕೊಡುತ್ತಿತ್ತು. ಹುರಿಮೀಸೆಯ ಗೌಡರು ಕೂಡ ಅವನ ಹುಬ್ಬು ಏರುತ್ತದೋ ಇಳಿಯುತ್ತದೋ ಎಂದು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಎಂಟು ಗಂಟೆಗೆ ಕೊಳವೆ ತೊಳೆದಿಟ್ಟ ಮೇಲೆ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಂತೂ ಆ ತೊಂದರೆಯೇ ಇರಲಿಲ್ಲ. ಅಲ್ಲಿ ಅವನು ಮಾತಾಡುತ್ತಲೇ ಇರಲಿಲ್ಲ.

ಇಂಥ ಕಾಡಸಿದ್ದ 1987ರ ಜನವರಿಯಲ್ಲಿ ಒಂದು ದಿನ ಸಂಘದ ಕಾಗದಕ್ಕೆ ಠಸ್ಸೆ ಹಾಕಿಸಿಕೊಂಡು ಬರಲು ಚಿಕ್ಕೋಡಿಗೆ ಹೋದ. ಸರ್ಕಾರಿ ಕಚೇರಿಯ ಅಂಗಳದಲ್ಲಿ ಒಂದು ಸಾಲು ಕಾಣಿಸಿತು. ಅದು ಸಾಲುಗಳ ಕಾಲ. ಸಕ್ಕರೆಯೋ, ಚಿಮಣಿ ಎಣ್ಣೆಯೋ, ಸಿಮೆಂಟೋ, ಮೊದಲು ನಿಲ್ಲುವುದು, ಯಾತಕ್ಕೆ ಎಂದು ಆಮೇಲೆ ಕೇಳುವುದು. ಕಾಡಸಿದ್ದನೂ ನಿಂತ. ಮುಂದಿದ್ದವರೆಲ್ಲ ಬಿಳಿ ಬಟ್ಟೆಯವರು. ಮೇಜಿನ ಹಿಂದೆ ವಿಸ್ತರಣಾಧಿಕಾರಿ ಶಾಂತಿನಾಥ ಮಗದುಮ್ಮ ಕುಳಿತು ಹೆಸರು ಬರೆದುಕೊಳ್ಳುತ್ತಿದ್ದರು. ಒಬ್ಬ ತಾನು ಹೈಸ್ಕೂಲಿನ ಹೆಡ್‌ಮಾಸ್ತರ ಎಂದ. ಇನ್ನೊಬ್ಬ ದನದ ಡಾಕ್ಟರ್ ಎಂದ.

"ನಿಮ್ಮ ಉದ್ಯೋಗರಿ?" ಎಂದರು ಮಗದುಮ್ಮ.

ಹೆಡ್‌ಮಾಸ್ತರ, ಡಾಕ್ಟರ ಆದ ಮೇಲೆ ಹಾಲಿನಲ್ಲಿ ಕೊಳವೆ ಅದ್ದುವವನು ಎಂದು ಹೇಳಿಕೊಳ್ಳಲು ಕಾಡಸಿದ್ದನ ನಾಲಗೆ ಏಳಲಿಲ್ಲ.

"ನಾ ಟೆಸ್ಟಿಂಗ್ ಸೈಡ್‌ನಾಗ ಅದೀನ್ರಿ. ಪ್ರಯೋಗ, ಸಂಶೋಧನಾ... ಅಂಥಾದ್ದು."

ಮಗದುಮ್ಮರು ಕುರ್ಚಿಯಿಂದ ಎದ್ದೇ ನಿಂತರು. "ಸಂಶೋಧನಾ? ಬರ್ರಿ ಬರ್ರಿ, ಕುಂದರ್ರಿ! ಇಂಥಾವ್ರ ಒಬ್ಬರು ಸಿಗ್ಲಿ ಅಂತ ಎಷ್ಟ ದಿನದಿಂದ ಹುಡಕಾಕತ್ತೀನಿ!"

ಅವರ ಸಂಕಟವೂ ದೊಡ್ಡದೇ. ಬಿಸಿಲಿನಿಂದ ಅಡುಗೆ ಮಾಡುವ, ಪೆಟ್ಟಿಗೆಯಂಥ ಸೌರ ಒಲೆಗಳು ಮೇಲಿನಿಂದ ಬಂದು ಎರಡು ಕೋಣೆ ತುಂಬಿದ್ದವು. ದುಡ್ಡು ಕೊಟ್ಟು ಒಯ್ಯುವವರು ಇರಲಿಲ್ಲ. ಊರಿಗೊಂದು ಮನೆಯನ್ನು 'ಮಾದರಿ ಮನೆ' ಎಂದು ಆರಿಸಿ, ಪುಕ್ಕಟೆ ಒಂದು ಒಲೆ ಕೊಟ್ಟು, ಅವರನ್ನು ನೋಡಿ ಉಳಿದವರೂ ಕಲಿಯಲಿ ಎಂಬುದು ಯೋಜನೆ. ಆ ಸಾಲು ಅದಕ್ಕೇ. ಹೀಗೆ ಸದಲಗಾದ ಮಾದರಿ ಗೃಹಸ್ಥನಾಗಿ ಕಾಡಸಿದ್ದ ಸಹಿ ಹಾಕಿದ. ಅನಂತರ ಒಂದು ತಾಸು ಭಾಷಣವಾಯಿತು. ಅವನು ಕೊನೆಯ ಸಾಲಿನಲ್ಲಿ, ಮರದ ತಂಪಿನಲ್ಲಿ ಕುಳಿತಿದ್ದರಿಂದ ಭಾಷಣದ ಮೊದಲ ವಾಕ್ಯವೂ ಕೊನೆಯ ವಾಕ್ಯವೂ ಮಾತ್ರ ಅವನ ಕಿವಿಗೆ ಬಿದ್ದವು. ನಡುವೆ ನಿದ್ದೆ ಬಂದಿತ್ತು. ಮೊದಲ ವಾಕ್ಯ, "ಸೂರ್ಯನಾರಾಯಣ ಯಾರಿಗೂ ಬಿಲ್ ಕಳಸೂದಿಲ್ಲ." ಕೊನೆಯದು, "ಏನು ಅಡಗಿ ಮಾಡಿದ್ರಿ ಅನ್ನೂದನ್ನ ದಿನಾ ಕಾರ್ಡಿನ್ಯಾಗ ಬರದು ವಾರಕ್ಕೊಮ್ಮೆ ಕಳಸ್ರಿ, ಕಳಸದಿದ್ರ ಪೆಟ್ಟಿಗಿ ವಾಪಸ್!"

ಸೂಟ್‌ಕೇಸಿನಂತಿದ್ದ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತರೆ ಅಕ್ಕಪಕ್ಕದವರಿಗೆ ತಡೆಯಲಾಗಲಿಲ್ಲ.

"ಹಾರ್ಮೋನಿಯಂ ಏನ್ರಿ?"

"ಅಲ್ಲೋ, ಟೀವಿ ಇರಬೇಕು. ಕಲರ್ ಟೀವಿ."

"ಹೊಲಗಿ ಮಶೀನ್ ಐತಿ ಅದು. ನಮ್ಮ ಭಾವನ ಮನ್ಯಾಗ ಥೇಟ್ ಇಂಥಾದ್ದ ಐತಿ."

ಕಾಡಸಿದ್ದ ಎಲ್ಲದಕ್ಕೂ ಗಂಭೀರವಾಗಿ ತಲೆ ಆಡಿಸಿದ. ಸದಲಗಾ ಬರುವ ಹೊತ್ತಿಗೆ ಬಸ್ಸಿನ ಮುಂಭಾಗದಲ್ಲಿ ಅದು ಟೀವಿಯಾಗಿಯೂ ಹಿಂಭಾಗದಲ್ಲಿ ಹಾರ್ಮೋನಿಯಂ ಆಗಿಯೂ ನಿಶ್ಚಯವಾಗಿತ್ತು.

ಮನೆಯಲ್ಲಿ ಹೆಂಡತಿ ಶೇವಂತಾ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತಿದ್ದಳು. ಹಸಿ ಕಟ್ಟಿಗೆ, ಮನೆ ತುಂಬ ಹೊಗೆ, ಅವಳ ಕಣ್ಣು ಕೆಂಡ. ಪಡಸಾಲೆಯಲ್ಲಿ ಅವಳ ಅತ್ತೆ ಸತ್ತೆವ್ವ ಕೆಮ್ಮುತ್ತಿದ್ದಳು. ಕಾಡಸಿದ್ದ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಭಾಷಣದಲ್ಲಿ ಕೇಳಿದ ಎರಡು ವಾಕ್ಯಗಳಲ್ಲಿ ಯಾವುದನ್ನು ಮೊದಲು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಶೇವಂತಾ ಮುಚ್ಚಳ ಎತ್ತಿದಳು. ಮುಚ್ಚಳದ ಒಳಗೆ, ಅಂಚಿನಿಂದ ಅಂಚಿಗೆ, ಥಳಥಳ ಹೊಳೆಯುವ ಕನ್ನಡಿ.

"ಯವ್ವಾ! ಆರಸಾದ ಟೇಬಲ್ಲ!"

ಅವಳ ಅಕ್ಕನ ಮನೆ ನಿಪ್ಪಾಣಿಯಲ್ಲಿ. ಅಲ್ಲಿ ದೊಡ್ಡ ಕನ್ನಡಿಯ ಟೇಬಲ್ಲು ಇತ್ತು. ನಾಲ್ಕು ವರ್ಷದ ಹಿಂದೆ ಒಂದೇ ಒಂದು ಸಲ, ಅದೂ ಅರ್ಧ ನಗುತ್ತ, ಅಂಥದ್ದು ನಮಗೂ ಒಂದಿದ್ದರೆ ಚೆನ್ನಾಗಿತ್ತು ಎಂದಿದ್ದಳು. ಈಗ ಕನ್ನಡಿಯಲ್ಲಿ ತನ್ನ ಮುಖವನ್ನೂ ಅದರ ಹಿಂದೆ ನಿಂತ ಗಂಡನ ಮುಖವನ್ನೂ ನೋಡಿದಳು. ಹೊಗೆಗೆ ಕೆಂಪಾದ ಕಣ್ಣಿನಲ್ಲಿ ನೀರು ಬಂತು.

"ನೆನಪ ಇಟಗೊಂಡಿದ್ರೇನ್ರಿ?"

ಹೇಳಬೇಕಾದ ಮಾತು ಕಾಡಸಿದ್ದನ ಗಂಟಲವರೆಗೆ ಬಂತು. ಹೊರಗೆ ಬರುವಾಗ ಅದು, "ಹೂಂ" ಎಂದಾಗಿತ್ತು.

"ಒಳಗ ಮತ್ತ ನಾಕ ಡಬ್ಬಿ ಕೊಟ್ಟಾರ!" ಎಂದಳು ಶೇವಂತಾ. "ಕುಂಕುಮಕ್ಕೊಂದು, ಪಾವಡರಿಗೊಂದು, ಎಣ್ಣಿಗೊಂದು, ಪಿನ್ನಿಗೊಂದು. ಆದರ ಇಷ್ಟ್ಯಾಕ ಕರ್ರಗ ಮಾಡ್ಯಾರ?"

"ದೃಷ್ಟಿ ಆಗಬಾರದಂತ," ಎಂದ ಕಾಡಸಿದ್ದ. ಒಂದು ಸುಳ್ಳು ಹೊರಬಿದ್ದ ಮೇಲೆ ಎರಡನೆಯದು ಎಷ್ಟು ಸಲೀಸಾಗಿ ಬರುತ್ತದೆ ಎಂದು ಅವನಿಗೇ ಆಶ್ಚರ್ಯವಾಯಿತು.

ಮರುದಿನದಿಂದ ಅವನ ದಿನಚರಿಗೆ ಇನ್ನೊಂದು ಕೆಲಸ ಸೇರಿತು. ಹಾಲು ಅಳೆದು ಮುಗಿದ ಮೇಲೆ, ಕ್ಯಾನುಗಳ ಜೊತೆ ಟೆಂಪೋ ಹತ್ತಿ ಹಾಲು ತಂಪು ಮಾಡುವ ಕೇಂದ್ರಕ್ಕೆ ಹೋಗುವ ಮುಂಚೆ, ಸಂಘದ ಮೇಜಿನ ಮೇಲೆ ಮಗದುಮ್ಮರ ಕಾರ್ಡು ಹರಡಿಕೊಂಡು ಮಾಡದ ಅಡುಗೆಯನ್ನು ಬರೆಯುವುದು. ಸೋಮವಾರ: ಅನ್ನ. ಅಭಿಪ್ರಾಯ: ಚೆನ್ನಾಗಿದೆ. ಮಂಗಳವಾರ: ಬೇಳೆ. ಅಭಿಪ್ರಾಯ: ಬಹಳ ಚೆನ್ನಾಗಿದೆ. ಎರಡು ತಿಂಗಳು ಹೀಗೆ ಸಾಗಿತು. ಪೆಟ್ಟಿಗೆ ಹೋದರೆ ಹೆಂಡತಿಯ ಕನ್ನಡಿ ಹೋಗುತ್ತದೆ ಎಂಬ ಭಯ ಅವನ ಕೈ ಹಿಡಿದು ಬರೆಸುತ್ತಿತ್ತು.

ಇತ್ತ ಮನೆಯಲ್ಲಿ ನಡೆದದ್ದೇ ಬೇರೆ. ಒಳಗೆ ಕತ್ತಲೆಂದು ಶೇವಂತಾ ಪೆಟ್ಟಿಗೆಯನ್ನು ಅಂಗಳದ ಕಟ್ಟೆಯ ಮೇಲಿಡುತ್ತಿದ್ದಳು. ಮೊದಲ ವಾರದಲ್ಲೇ ನೆರೆಮನೆಯ ಚನ್ನವ್ವ ತಲೆ ಬಾಚಿಕೊಳ್ಳಲು ಬಂದಳು. ಬಾಚಿಕೊಂಡ ಮೇಲೆ ಬಾಚಣಿಗೆಯನ್ನೂ ಕುಂಕುಮ ಅಂಟಿಸುವ ಮೇಣದ ಭರಣಿಯನ್ನೂ ಪೆಟ್ಟಿಗೆಯ ಒಳಗಿಟ್ಟು, ಡಬ್ಬಿಗಳ ಮೇಲಿನ ಗಾಜಿನ ಬಾಗಿಲು ಮುಚ್ಚಿ, ಕನ್ನಡಿಯನ್ನು ತೆರೆದೇ ಬಿಟ್ಟು ಇಬ್ಬರೂ ಹರಟೆಗೆ ಕುಳಿತರು. ಎರಡು ತಾಸಿನ ಮೇಲೆ ನೋಡಿದರೆ ಮೇಣ ನೀರಾಗಿತ್ತು. ಪ್ಲಾಸ್ಟಿಕ್ಕಿನ ಬಾಚಣಿಗೆ ಬಿಲ್ಲಿನಂತೆ ಬಾಗಿತ್ತು.

ಚನ್ನವ್ವ ಪೆಟ್ಟಿಗೆಯ ಒಳಗೆ ಕೈ ಇಟ್ಟು ತಟಕ್ಕನೆ ತೆಗೆದಳು.

"ಶೇವಂತಾ, ನಿನ್ನ ಟೇಬಲ್ಲಿಗಿ ಜ್ವರ ಬಂದಾವ!"

"ಅಂದ್ರ?"

"ನಿನ್ನ ಗಂಡಗ ಯಾರೋ ಕೆಟ್ಟ ಮಾಲ ಕೊಟ್ಟು ಮೋಸ ಮಾಡ್ಯಾರ ಅಂತೀನಿ. ಚಲೋ ಟೇಬಲ್ಲ ಹಿಂಗ ಸುಡ್ತೈತೇನು?"

ಶೇವಂತಾ ಬಾಗಿದ ಬಾಚಣಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆಮೇಲೆ ಹೇಳಿದಳು, "ಅವರಿಗೆ ಹೇಳೂದ ಬ್ಯಾಡ ಚನ್ನವ್ವಕ್ಕ. ಪಾಪ, ಎಷ್ಟ ಪ್ರೀತೀಲೆ ತಂದಾರ. ಮೋಸ ಹೋದೆ ಅಂತ ತಿಳದ್ರ ಎದಿ ಒಡಕೋತಾರ."

ಹೀಗೆ ಗಂಡ ಹೆಂಡತಿಯ ಮನಸ್ಸು ನೋಯಬಾರದೆಂದು ಬಾಯಿ ಮುಚ್ಚಿಕೊಂಡ. ಹೆಂಡತಿ ಗಂಡನ ಮನಸ್ಸು ನೋಯಬಾರದೆಂದು ಬಾಯಿ ಮುಚ್ಚಿಕೊಂಡಳು. ಪೆಟ್ಟಿಗೆ ಮಾತ್ರ ಇಬ್ಬರ ನಡುವೆ ಬಾಯಿ ತೆರೆದುಕೊಂಡು ಬಿಸಿಲು ಕಾಯುತ್ತಿತ್ತು.

ಆದರೆ ಸುಡುವ ವಸ್ತುವೊಂದು ಕಣ್ಣೆದುರಿಗೆ ಇರುವಾಗ ಕೈ ಸುಮ್ಮನಿರುತ್ತದೆಯೇ? ಸತ್ತೆವ್ವನೇ ಮೊದಲು ಒಂದು ಬೊಗಸೆ ಶೇಂಗಾ ತಂದು, "ಇದನ್ನ ಒಳಗ ಹಾಕಿ ನೋಡಬೇ," ಎಂದಳು. ಮಧ್ಯಾಹ್ನದ ಹೊತ್ತಿಗೆ ಅಂಗಳವೆಲ್ಲ ಹುರಿದ ಶೇಂಗಾದ ವಾಸನೆ. ಮರುದಿನ ನೀರಿಟ್ಟರು, ಕೈ ಇಡಲಾಗದಷ್ಟು ಕಾಯಿತು. ಅದರ ಮರುದಿನ ಪಾವಡರಿನ ಡಬ್ಬಿ ತೊಳೆದು ಅಕ್ಕಿ ಹಾಕಿದರು. ಮೂವರೂ ಸುತ್ತ ಕುಳಿತು, ಮಗು ಹುಟ್ಟುವುದನ್ನು ಕಾಯುವವರಂತೆ ಕಾದರು. ಅನ್ನ ಆಯಿತು. ಒಂದಗಳೂ ತಳ ಹಿಡಿದಿರಲಿಲ್ಲ.

"ಆರಸಾ ಸೂರ್ಯನ್ನ ಎಳದು ಒಳಗ ಕೆಡವತೈತಿ," ಎಂದಳು ಚನ್ನವ್ವ.

"ಅಲ್ಲಬೇ, ಎಲ್ಲಾ ಆ ಕರಿ ಬಣ್ಣದ ಆಟ," ಎಂದಳು ಸತ್ತೆವ್ವ. "ಬ್ಯಾಸಗ್ಯಾಗ ಕರಿ ಕಂಬಳಿ ಹೊತಗೊಂಡು ಬಿಸಲಾಗ ನಿಂತ ನೋಡು, ತಿಳೀತೈತಿ."

ವಾದ ಬಗೆಹರಿಯಲಿಲ್ಲ. ಶೇವಂತಾ ಪರೀಕ್ಷೆಗೇ ಇಳಿದಳು. ಒಂದು ದಿನ ಕರಿ ಡಬ್ಬಿಯಲ್ಲೂ ಫಳಫಳ ಹೊಳೆಯುವ ಸ್ಟೀಲ್ ಬಟ್ಟಲಲ್ಲೂ ಒಂದೇ ಅಳತೆಯ ಅಕ್ಕಿ ಇಟ್ಟಳು. ಕರಿ ಡಬ್ಬಿ ಮೊದಲು ಬೆಂದಿತು. ಇನ್ನೊಂದು ದಿನ ಕನ್ನಡಿಗೆ ಸೀರೆ ಹೊದಿಸಿದಳು. ಬೇಯಲು ಮೂರು ಪಟ್ಟು ಹೊತ್ತು ಹಿಡಿಯಿತು. ಮತ್ತೊಂದು ದಿನ ಗಾಜಿನ ಬಾಗಿಲಿಗೆ ಕಡ್ಡಿ ಸಿಕ್ಕಿಸಿ ಸಂದು ಬಿಟ್ಟಳು. ಅಕ್ಕಿ ಅಕ್ಕಿಯಾಗಿಯೇ ಉಳಿಯಿತು. ಮಗದುಮ್ಮರ ಒಂದು ತಾಸಿನ ಭಾಷಣದಲ್ಲಿದ್ದುದನ್ನೆಲ್ಲ, ನಡುವೆ ನಿದ್ದೆ ಮಾಡದೆ, ಆ ಮೂವರು ಎರಡು ವಾರದಲ್ಲಿ ಕಂಡುಕೊಂಡರು.

ಆಮೇಲೆ ಶೇವಂತಾಗೆ ಹಿಂತಿರುಗಿ ನೋಡುವ ಕೆಲಸವೇ ಇರಲಿಲ್ಲ. ಒಂಬತ್ತಕ್ಕೆ ಅಕ್ಕಿ, ಬೇಳೆ, ಕುಂಬಳಕಾಯಿ ತುಂಬಿಟ್ಟು ತಂಬಾಕಿನ ಹೊಲಕ್ಕೆ ಹೋಗುವಳು. ಸತ್ತೆವ್ವ ಕುಳಿತಲ್ಲಿಂದಲೇ ಎರಡು ಸಲ ಪೆಟ್ಟಿಗೆಯನ್ನು ಬಿಸಿಲಿನತ್ತ ತಿರುಗಿಸುವಳು. ಒಂದಕ್ಕೆ ಬಂದರೆ ಅಡುಗೆ ತಯಾರು. ಸಂಜೆಯ ರೊಟ್ಟಿಗೆ ಮಾತ್ರ ಕಟ್ಟಿಗೆಯ ಒಲೆ. ವಾರಕ್ಕೆ ಮೂರು ಸಲ ಕಟ್ಟಿಗೆ ತರಲು ಹೊಳೆದಂಡೆಗೆ ಹೋಗುತ್ತಿದ್ದವಳು ಒಂದೇ ಸಲ ಹೋಗತೊಡಗಿದಳು. ಸತ್ತೆವ್ವನ ಕೆಮ್ಮು ಕಡಿಮೆಯಾಯಿತು. ಮೂರಕ್ಕೆ ಗಂಡ ಬರುವ ಮುಂಚೆ ಡಬ್ಬಿ ತೊಳೆದು, ಕುಂಕುಮ ಪಾವಡರು ತುಂಬಿ, ಮುಚ್ಚಳದ ಮೇಲೆ ಕಸೂತಿಯ ಬಟ್ಟೆ ಹೊದಿಸಿದರೆ ಅದು ಮತ್ತೆ ಟೇಬಲ್ಲು.

ಕಾಡಸಿದ್ದನಿಗೂ ಬದಲಾವಣೆ ಕಾಣದೆ ಇರಲಿಲ್ಲ. ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು. ಹೆಂಡತಿಯ ಕಣ್ಣು ಬೆಳ್ಳಗಾಗಿತ್ತು. ಅವನು ಆಳವಾಗಿ ಆಲೋಚಿಸಿ ಒಂದು ಸಿದ್ಧಾಂತಕ್ಕೆ ಬಂದು, ಸಂಘದ ಸೆಕ್ರೆಟರಿ ಮಲಕಾರಿಗೆ ತಿಳಿಸಿದ.

"ಹೆಣ್ಮಕ್ಕಳಿಗಿ ದೊಡ್ಡ ಆರಸಾ ಕೊಡಸ್ರಿ ಮಲಕಾರಿ. ಅಡಗಿ ರುಚಿ ಆಗ್ತೈತಿ."

"ಆರಸಾಕ್ಕೂ ಅಡಗಿಗೂ ಏನು ಸಂಬಂಧಲೇ?"

"ಅದ ನನಗೂ ತಿಳೀವೊಲ್ಲದು. ಆದರ ಸಂಬಂಧ ಐತಿ."

ಮಲಕಾರಿ ನಂಬಿ ಇಚಲಕರಂಜಿಯಿಂದ ಆಳುದ್ದದ ಕನ್ನಡಿ ತಂದ. ಒಂದು ತಿಂಗಳು ಕಾದ. ಅವನ ಮನೆಯ ಬೇಳೆ ಮೊದಲಿನಂತೆಯೇ ಇತ್ತು.

ಅನಾಹುತ ಬಂದದ್ದು ಏಪ್ರಿಲ್‌ನಲ್ಲಿ. ಅನ್ನ, ಬೇಳೆ, ಪಲ್ಯೆ ಬರೆದು ಬರೆದು ಕಾಡಸಿದ್ದನ ಕಲ್ಪನೆ ಬತ್ತಿಹೋಗಿತ್ತು. ಅವನಿಗೆ ತಿನ್ನುವುದು ಗೊತ್ತೇ ಹೊರತು ಬೇಯಿಸುವುದಕ್ಕೂ ಕರಿಯುವುದಕ್ಕೂ ಇರುವ ಅಂತರ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಪೆನ್ನು ಹಿಡಿದು ಕುಳಿತಾಗ ಎದುರಿನ ಹೋಟೆಲಿನಿಂದ ಘಮ್ಮೆಂದು ಈರುಳ್ಳಿ ಕರಿಯುವ ವಾಸನೆ ಬಂತು. ಬರೆದ: ಕಾಂದಾಭಜಿ. ಅಭಿಪ್ರಾಯ: ಗರಿಗರಿ.

ಹತ್ತನೆಯ ದಿನಕ್ಕೆ ಮಗದುಮ್ಮರ ಪತ್ರ ಬಂತು. 'ಮಾನ್ಯರೇ, ಸೌರ ಒಲೆಯಲ್ಲಿ ಭಜಿ ಕರಿಯುವುದು ಅಸಾಧ್ಯವೆಂದು ಇದುವರೆಗೆ ಎಲ್ಲರೂ ತಿಳಿದಿದ್ದರು. ನಿಮ್ಮ ಸಂಶೋಧನೆಯಿಂದ ಕಚೇರಿಯಲ್ಲಿ ಸಂಚಲನ ಉಂಟಾಗಿದೆ. ಬರುವ ಗುರುವಾರ ಹನ್ನೆರಡು ಗಂಟೆಗೆ ಬೆಳಗಾವಿಯಿಂದ ದೊಡ್ಡ ಸಾಹೇಬರು ಫೋಟೋಗ್ರಾಫರ್ ಸಮೇತ ಖುದ್ದಾಗಿ ಬಂದು ನೋಡಲಿದ್ದಾರೆ. ಭಜಿ ಸಿದ್ಧವಿರಲಿ.'

ಬುಧವಾರ ಊಟಕ್ಕೆ ಕುಳಿತಾಗ ಕಾಡಸಿದ್ದ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ನಾಳಿ ನಿಪ್ಪಾಣಿಗಿ ಅಕ್ಕನ ಮನೀಗೆ ಹೋಗಿ ಬಾರಲಾ. ಭಾಳ ದಿನಾ ಆತು."

ಮದುವೆಯಾದ ಹನ್ನೊಂದು ವರ್ಷದಲ್ಲಿ ಅವನು ಹಾಗೆ ಅಂದದ್ದು ಅದೇ ಮೊದಲು. ಶೇವಂತಾ ಅವನ ಹಣೆ ಮುಟ್ಟಿ ನೋಡಿದಳು.

"ನಾಳಿ ಹೆಂಗ ಆಗ್ತೈತ್ರಿ? ಹೊಳಿಗಿ ಅರಬಿ ಒಗ್ಯಾಕ ಹೋಗೂದೈತಿ, ಚನ್ನವ್ವಕ್ಕಗ ಮಾತ ಕೊಟ್ಟೀನಿ."

ಹೊಳೆಯೂ ಆದೀತು ಎಂದು ಕಾಡಸಿದ್ದ ಸಮಾಧಾನಪಟ್ಟ. ಗುರುವಾರ ಹನ್ನೊಂದೂವರೆಗೆ ಅವನು ಹೋಟೆಲಿನಿಂದ ಬಿಸಿಬಿಸಿ ಕಾಂದಾಭಜಿಯನ್ನು ಪೇಪರಿನಲ್ಲಿ ಕಟ್ಟಿಸಿಕೊಂಡು, ಟವೆಲಿನಲ್ಲಿ ಮುಚ್ಚಿಕೊಂಡು ಅಂಗಳಕ್ಕೆ ಬಂದ. ಮನೆಯಲ್ಲಿ ಸತ್ತೆವ್ವ ಒಬ್ಬಳೇ, ಗೋಡೆಗೊರಗಿ ತೂಕಡಿಸುತ್ತಿದ್ದಳು. ಭಜಿಯನ್ನು ಡಬ್ಬಿಗೆ ಹಾಕುವುದು, ಸಾಹೇಬರಿಗೆ ತೋರಿಸುವುದು, ಶೇವಂತಾ ಹೊಳೆಯಿಂದ ಬರುವುದರೊಳಗೆ ಅವರನ್ನು ಕಳಿಸಿಬಿಡುವುದು. ಇದಿಷ್ಟು ಅವನ ಯೋಜನೆ.

ಗಾಜಿನ ಬಾಗಿಲು ಎತ್ತಿದ. ಮುಖಕ್ಕೆ ಬಿಸಿ ಝಳ ಹೊಡೆಯಿತು. ಕುಂಕುಮದ ಡಬ್ಬಿ ಎಂದುಕೊಂಡು ಕೈ ಹಾಕಿದರೆ ಬೆರಳು ಚುರ್ ಎಂದವು. ಮುಚ್ಚಳ ಉರುಳಿತು. ಒಳಗೆ, ಆವಿ ಬಿಡುತ್ತ, ಮಲ್ಲಿಗೆ ಮೊಗ್ಗಿನಂಥ ಅನ್ನ. ಇನ್ನೊಂದರಲ್ಲಿ ಬೇಳೆ. ಮತ್ತೊಂದರಲ್ಲಿ ಕುಂಬಳಕಾಯಿ.

ಕಾಡಸಿದ್ದ ಹಿಂದೆ ಮುಂದೆ ನೋಡಿದ. ಪೆಟ್ಟಿಗೆಯ ಕೆಳಗೆ ಬಗ್ಗಿ ನೋಡಿದ. ಬೆಂಕಿ ಇರಲಿಲ್ಲ. ಸೂರ್ಯನಿಂದ ಅನ್ನವಾಗುತ್ತದೆ ಎಂದು ಮೂರು ತಿಂಗಳು ತಪ್ಪದೆ ಕಾರ್ಡಿನಲ್ಲಿ ಬರೆದವನು ಅವನೇ ಆದರೂ, ಆ ಮಾತನ್ನು ಅವನು ಒಂದು ದಿನವೂ ನಂಬಿರಲಿಲ್ಲ.

ಓಣಿಯ ತುದಿಯಲ್ಲಿ ಜೀಪಿನ ಹಾರ್ನು ಕೇಳಿತು. ಗಾಬರಿಯಲ್ಲಿ ಅವನು ಭಜಿಯ ಪೊಟ್ಟಣವನ್ನು ಅನ್ನದ ಮೇಲೆಯೇ ತುರುಕಿ, ಮುಚ್ಚಳ ಒತ್ತಿ, ಗಾಜು ಮುಚ್ಚಿದ. ಪೇಪರು ಬಿಚ್ಚಲು ಸಮಯವಿರಲಿಲ್ಲ.

ಜೀಪಿನ ಹಿಂದೆ ಅರ್ಧ ಊರೇ ಬಂತು. ಮಲಕಾರಿ ಹಾರ ಹಿಡಿದು ಬಂದ. ಬಸ್ಸಿನಲ್ಲಿ ಟೀವಿ ಎಂದವರೂ ಹಾರ್ಮೋನಿಯಂ ಎಂದವರೂ ಪಂಥ ಕಟ್ಟಿಕೊಂಡು ಬಂದರು. ದೊಡ್ಡ ಸಾಹೇಬರು ಬೆಂಗಳೂರು ಕಡೆಯವರು, ಬೆಳ್ಳಿ ಕಟ್ಟಿನ ಕನ್ನಡಕ, ಕೈಯಲ್ಲಿ ಟಿಪ್ಪಣಿ ಪುಸ್ತಕ. ಜನ ತುದಿಗಾಲಲ್ಲಿ ನಿಂತರು. ಮಗದುಮ್ಮರು ತಾವೇ ಕರಿದವರಂಥ ಹೆಮ್ಮೆಯಿಂದ ಡಬ್ಬಿಯ ಮುಚ್ಚಳ ತೆಗೆದರು.

ಸಾಹೇಬರು ಎರಡು ಬೆರಳಿನಿಂದ ಭಜಿಯೊಂದನ್ನು ಎತ್ತಿದರು. ಅದು ಜೋತುಬಿದ್ದಿತು. ಅದಕ್ಕೆ ಅಂಟಿಕೊಂಡಿದ್ದ ಪೇಪರಿನ ಚೂರನ್ನು ಬಿಡಿಸಿ ಕನ್ನಡಕದ ಹತ್ತಿರ ಹಿಡಿದರು.

"ಇದು ನಿನ್ನೆಯ ಪೇಪರ್ ಅಲ್ವೇನ್ರಿ? ಸೂರ್ಯ ಭಜಿ ಕರಿದು, ಪೇಪರಿನಲ್ಲಿ ಕಟ್ಟಿಯೂ ಕೊಡ್ತಾನಾ?"

ಮಗದುಮ್ಮರು ಡಬ್ಬಿಯೊಳಗೆ ಇಣುಕಿದರು. "ಕಾಡಸಿದ್ದರ, ಏನ್ರಿ ಇದು?"

ಕಾಡಸಿದ್ದ ಬಾಯಿ ತೆರೆದ. "ಹೂಂ" ಕೂಡ ಬರಲಿಲ್ಲ. ಅಷ್ಟರಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು, ಜನರನ್ನು ಸರಿಸಿಕೊಂಡು, ಶೇವಂತಾ ಬಂದಳು. ಹಿಂದೆಯೇ ಚನ್ನವ್ವ.

"ಯಾರ್ರಿ ನನ್ನ ಆರಸಾದ ಟೇಬಲ್ಲಿಗಿ ಕೈ ಹಚ್ಚಿದವ್ರು? ಅಯ್ಯ! ನನ್ನ ಅನ್ನದಾಗ ಭಜಿ ಯಾರ ಒಗದಾರ?"

"ನಿಮ್ಮ ಯಜಮಾನರು ಇದರಲ್ಲಿ ಭಜಿ ಕರೀಬಹುದು ಅಂತ ಬರೆದಿದ್ದಾರಮ್ಮ," ಎಂದರು ಸಾಹೇಬರು.

"ಭಜಿ?" ಶೇವಂತಾ ಬುಟ್ಟಿ ಇಳಿಸಿದಳು. "ಆಗೂದಿಲ್ರಿ. ನಾ ಎರಡ ಸಲ ನೋಡೇನಿ. ಎಣ್ಣಿ ಕಾಯ್ತೈತಿ, ಆದರ ಹಿಟ್ಟ ಬಿಟ್ರ ಗುಳ್ಳಿ ಏಳೂದಿಲ್ಲ, ಎಣ್ಣಿ ಕುಡದು ಮಲಕೋತೈತಿ. ರೊಟ್ಟೀನೂ ಆಗೂದಿಲ್ಲ. ಅನ್ನ ಆಗ್ತೈತಿ, ಎರಡ ತಾಸು. ತೊಗರಿಬ್ಯಾಳಿ ಎರಡೂವರಿ, ನೆನಸಿದ್ರ ಎರಡು. ಹುರಳಿ ನೆನಸಲಿಕ್ಕೇ ಬೇಕು. ಮೋಡ ಬಂದ್ರ ನಮ್ಮ ಹಣೆಬಾರ. ನೀರ ಕಡಿಮಿ ಹಾಕಬೇಕ್ರಿ, ಆವಿ ಹೊರಗ ಹೋಗೂದಿಲ್ಲ. ಗಾಜಿನ ಮ್ಯಾಲ ಧೂಳ ಕುಂತ್ರ ಅರ್ಧ ತಾಸ ಹೆಚ್ಚಿಗಿ."

ಸಾಹೇಬರು ಭಜಿಯನ್ನು ಡಬ್ಬಿಗೆ ಬಿಟ್ಟು ಟಿಪ್ಪಣಿ ಪುಸ್ತಕ ಬಿಚ್ಚಿದರು. ಕಟ್ಟೆಯ ಮೇಲೆ ಕುಳಿತೇಬಿಟ್ಟರು.

"ಸ್ವಲ್ಪ ನಿಧಾನವಾಗಿ ಹೇಳಿ ತಾಯಿ. ತೊಗರಿಬೇಳೆ ಎರಡೂವರೆ... ಇದನ್ನೆಲ್ಲ ನಿಮಗೆ ಯಾರು ಕಲಿಸಿದ್ದು?"

"ಯಾರೂ ಇಲ್ರಿ. ಟೇಬಲ್ಲ ಕೆಟ್ಟಿತ್ತು. ಬಿಸಲಾಗ ಇಟ್ರ ಸುಡ್ತಿತ್ತು. ಕೆಟ್ಟದ್ದನ್ನ ಸುಮ್ಮನ ಯಾಕ ಬಿಡೂದಂತ ಅಡಗಿ ಮಾಡಾಕ ಹತ್ತಿದ್ವಿ. ಆ ಅಂಗಡಿಯವ್ರ ನಿಮಗ ಗೊತ್ತಿದ್ರ ಒಂದ ಮಾತ ಹೇಳ್ರಿ, ಮಂದಿಗೆ ಇಂಥಾ ಟೇಬಲ್ಲ ಕೊಡಬಾರದು."

ಮಗದುಮ್ಮರು ಮೆಲ್ಲಗೆ ಹೇಳಿದರು, "ಅವ್ವಾ, ಇದು ಆರಸಾದ ಟೇಬಲ್ಲ ಅಲ್ಲ. ಅಡಗಿ ಒಲೀನ ಐತಿ. ನಾವ ಕೊಟ್ಟಿದ್ದು."

ಅಂಗಳದಲ್ಲಿ ಎಲ್ಲರ ತಲೆಗಳೂ ಒಟ್ಟಿಗೆ ಕಾಡಸಿದ್ದನ ಕಡೆ ತಿರುಗಿದವು. ಶೇವಂತಾ ಪೆಟ್ಟಿಗೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಹಂಗಾರ ನನ್ನ ಟೇಬಲ್ಲ ಎಲ್ಲೈತಿ?"

ಜನ ನಕ್ಕರು. ಟೀವಿಯವರೂ ಹಾರ್ಮೋನಿಯಂನವರೂ ಇಬ್ಬರೂ ಸೋತದ್ದರಿಂದ ಒಟ್ಟಿಗೆ ನಕ್ಕರು. ನಗದಿದ್ದವರು ಇಬ್ಬರೇ, ಗಂಡ ಮತ್ತು ಹೆಂಡತಿ. ಈ ಗದ್ದಲಕ್ಕೆ ಎಚ್ಚರಗೊಂಡ ಸತ್ತೆವ್ವ ಸದ್ದಿಲ್ಲದೆ ಡಬ್ಬಿಯಿಂದ ಒಂದು ಭಜಿ ತೆಗೆದು ಬಾಯಿಗಿಟ್ಟಳು. ಆವಿಯಲ್ಲಿ ಬೆಂದು ಹೂವಿನಂತಾಗಿತ್ತು.

"ಹಲ್ಲ ಬಿದ್ದು ಹದಿನೈದು ವರ್ಷಾತು," ಎಂದಳು ಫೋಟೋಗ್ರಾಫರನಿಗೆ. "ಇವತ್ತ ಮೊದಲನೇ ಸಲ ಭಜಿ ತಿಂದೆ ನೋಡಪಾ." ಅವನು ಅವಳ ಫೋಟೋ ತೆಗೆದ. ಅಂದಿನ ಭೇಟಿಯಲ್ಲಿ ಚೆನ್ನಾಗಿ ಬಂದ ಫೋಟೋ ಅದೊಂದೇ.

ಜೀಪು ಹೋದ ಮೇಲೆ ಶೇವಂತಾ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬೇಳೆ ಬಡಿಸುತ್ತ ಕೇಳಿದಳು.

"ಅವತ್ತ ಹೇಳಿದ್ರ ನಾ ಏನ ಅಂತಿದ್ದೆ? ನುಂಗತಿದ್ನೇನು?"

"ನಿನ್ನ ಕಣ್ಣಾಗ ನೀರ ಬಂದಿತ್ತು," ಎಂದ ಕಾಡಸಿದ್ದ. "ನೀ ಅಷ್ಟ ಖುಷಿ ಆಗಿದ್ದನ್ನ ನಾ ನೋಡಿರಲಿಲ್ಲ. ಇದು ಒಲಿ ಅಂತ ಹೆಂಗ ಹೇಳ್ಲಿ?"

ಶೇವಂತಾ ಸೌಟನ್ನು ಮತ್ತೆ ಪಾತ್ರೆಗೆ ಇಳಿಸಿದಳು. "ನಾನೂ ನಿಮಗ ಮೋಸ ಆಗೇತಿ ಅಂತ ಹೇಳಲಿಲ್ಲ ಬಿಡ್ರಿ," ಎಂದು ಇನ್ನೊಂದು ಸೌಟು ಬೇಳೆ ಹಾಕಿದಳು. ರಾಜಿಯಾಯಿತು ಎಂದು ಕಾಡಸಿದ್ದ ಅರ್ಥಮಾಡಿಕೊಂಡ. ಆ ವಾರ ಅವನು ಮಲಕಾರಿಯ ಮನೆಗೆ ಹೋಗಿ, ಅಲ್ಲಿ ಯಾವ ಉಪಯೋಗಕ್ಕೂ ಬಾರದೆ ನಿಂತಿದ್ದ ಆಳುದ್ದದ ಕನ್ನಡಿಯನ್ನು ಕೇಳಿ, ಹೊತ್ತು ತಂದು ಪಡಸಾಲೆಯಲ್ಲಿ ನಿಲ್ಲಿಸಿದ. "ಇದು ಬರೇ ಆರಸಾ," ಎಂದು ತಾನಾಗಿಯೇ ಸ್ಪಷ್ಟಪಡಿಸಿದ.

ಮೇ ತಿಂಗಳಲ್ಲಿ ಕಚೇರಿಯಿಂದ ಶೇವಂತಾಳ ಹೆಸರಿಗೇ ಪತ್ರ ಬಂತು. ಅಥಣಿಯಲ್ಲಿ ಮಹಿಳೆಯರಿಗೆ ಪ್ರಾತ್ಯಕ್ಷಿಕೆ ಕೊಡಬೇಕು, ಹೋಗಿಬರಲು ಜೀಪು ಇದೆ, ಸಹಾಯಕರೊಬ್ಬರನ್ನು ಕರೆತರಬಹುದು. ಸಹಾಯಕನಾಗಿ ಕಾಡಸಿದ್ದ ಪೆಟ್ಟಿಗೆ ಹೊತ್ತ.

ಅಥಣಿಯ ಶಾಲೆಯ ಮೈದಾನದಲ್ಲಿ ಇನ್ನೂರು ಹೆಂಗಸರು. ಮಗದುಮ್ಮರು ಭಾಷಣ ಮಾಡಲು ಎದ್ದರು. "ನೀವ ಕುಂದರ್ರಿ, ಆ ಅಕ್ಕ ಹೇಳ್ಲಿ," ಎಂದು ಯಾರೋ ಕೂಗಿದರು. ಶೇವಂತಾ ಮೈಕು ಬೇಡವೆಂದು, ಎಲ್ಲರೂ ಹತ್ತಿರ ಬರಲಿ ಎಂದು ಕರೆದು, ಡಬ್ಬಿ ತುಂಬಿದಳು. ಪ್ರಶ್ನೆಗಳ ಮಳೆ ಸುರಿಯಿತು.

"ಎಲ್ಲಾರೂ ಹಿಂಗ ಎಳಕೊಂಡ್ರ ಬಿಸಲ ಕಡಿಮಿ ಆಗೂದಿಲ್ಲೇನ್ರಿ?"

"ಗ್ರಹಣ ಹಿಡದಾಗ ಅರ್ಧಾ ಬೆಂದ ಅನ್ನದ ಗತಿ ಏನು?"

"ಅತ್ತಿ ಬಂದು ಮುಚ್ಚಳ ತಗದು ತಗದು ನೋಡಿದ್ರ?"

"ಆಗೂದಿಲ್ಲ," ಎಂದಳು ಶೇವಂತಾ. "ಅತ್ತಿಗಿ ಮೊದಲ ಹೇಳಿ ಇಡ್ರಿ. ಮುಚ್ಚಳ ತಗದಷ್ಟ ಸಲ ಹತ್ತ ಹತ್ತ ಮಿನಿಟ ಹೋಗ್ತಾವ." ಈ ಮಾತಿಗೆ ಮೈದಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿತ್ತು.

ಮುಂದಿನ ಸಾಲಿನಲ್ಲಿ ಕಾಶಿಬಾಯಿ ಎಂಬ ಜೈನ ಅಜ್ಜಿ ಕುಳಿತಿದ್ದಳು. ಅಥಣಿಯ ಜೈನ ಓಣಿಯಲ್ಲಿ ಯಾವ ಹೊಸ ವಸ್ತು ಒಳಗೆ ಬರಬೇಕಾದರೂ ಅವಳು ಹೂಂ ಅನ್ನಬೇಕು ಎಂದು ಮಗದುಮ್ಮರು ಮೊದಲೇ ಹೆದರಿಸಿದ್ದರು. ಅವಳು ಕೋಲೂರಿ ಎದ್ದು ಬಂದು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಬೆಂಕಿ ಹಚ್ಚೂದ ಇಲ್ಲಾ?"

"ಇಲ್ಲಬೇ ಆಯಿ."

"ಹಂಗಾರ ಹುಳಾ ಹುಪ್ಪಡಿ ಬೆಂಕ್ಯಾಗ ಬೀಳೂ ಮಾತ ಇಲ್ಲ."

"ಇಲ್ಲ."

"ಹೊತ್ತ ಮುಳುಗಿದ ಮ್ಯಾಲ?"

"ಹೊತ್ತ ಮುಳುಗಿದ ಮ್ಯಾಲ ಇದರಾಗ ಏನೂ ಬೇಯೂದಿಲ್ಲ ಆಯಿ. ಅದ ಒಂದು ಇದರ ಐಬು."

"ಐಬು?" ಕಾಶಿಬಾಯಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ನಾವ ಹೊತ್ತ ಮುಳುಗಿದ ಮ್ಯಾಲ ಉಣ್ಣೂದಿಲ್ಲ, ಇದು ಹೊತ್ತ ಮುಳುಗಿದ ಮ್ಯಾಲ ಬೇಯ್ಸೂದಿಲ್ಲ. ನಮ್ಮ ಸೊಸ್ತೇರಿಗಿಂತಾ ನೇಮಸ್ಥ ಐತಿ!" ಮಗದುಮ್ಮರತ್ತ ತಿರುಗಿದಳು. "ಶಾಂತಿನಾಥಾ, ನಮ್ಮ ಮನೀಗೆ ಒಂದು ಬರಕೋ."

ಅವಳ ಹಿಂದೆ ಸಾಲು ಬೆಳೆಯಿತು. ಮಗದುಮ್ಮರ ಪೆನ್ನಿನ ಶಾಯಿ ಎರಡು ಸಲ ಮುಗಿಯಿತು. ಎರಡು ಕೋಣೆಗಳ ಪೆಟ್ಟಿಗೆಗಳಿಗೂ ಮಧ್ಯಾಹ್ನದೊಳಗೆ ಮನೆ ಗೊತ್ತಾಯಿತು. ಕಾಶಿಬಾಯಿ ತನ್ನ ಕೆಲಸ ಮುಗಿಸಿ ಹೊರಡುವಾಗ, ಪೆಟ್ಟಿಗೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ ಕಾಡಸಿದ್ದನ ಮುಂದೆ ನಿಂತಳು.

"ಮತ್ತ ನೀ ಏನಪಾ? ಆಪೀಸರೇನು?"

"ಅಲ್ರಿ ಆಯಿ."

"ಸಂಶೋಧನಾ ಮಾಡಾಂವ ಅಂತ ಶಾಂತಿನಾಥ ಅಂದಾ?"

"ಸಂಶೋಧನಾ ಎಲ್ಲಾ ಅಕೀದು," ಎಂದ ಕಾಡಸಿದ್ದ, ಹೆಂಡತಿಯ ಕಡೆ ಗದ್ದ ತೋರಿಸಿ. "ನಾ ನೆರಳ ನೋಡ್ತೀನ್ರಿ. ನೆರಳ ಬಂದ ಕೂಡ್ಲೆ ಪೆಟ್ಟಿಗಿ ತಿರಗಸ್ತೀನಿ. ತಿರಗಸದಿದ್ರ ಏನಾಗ್ತೈತಿ ಅಂದ್ರ..."

ಮಾತನ್ನು ಅಲ್ಲಿಗೇ ಬಿಟ್ಟು ಅವನು ಎದ್ದ. ಧ್ವಜದ ಕಂಬದ ನೆರಳು ಗಾಜಿನ ಅಂಚಿಗೆ ಬಂದಿತ್ತು.